ಹೊಕ್ಕುಳದ ಹಾದಿ

ಕಬ್ಬೂರ
12 ಫೆಬ್ರವರಿ 2011

ಸಿಟ್ಟಿನಲ್ಲೂ ಚೆಂದ ಕಾಣುವ ಬಾಣಂತಿ ಮಗಳು ಪ್ರಾಜಕ್ತಾಳಿಗೆ ಅವ್ವನ ಮುದ್ದು.

ಚೊಚ್ಚಲ ಹೆರಿಗೆಗೆ ತವರಿಗೆ ಕರೆಯದೆ ಗಂಡನ ಊರು ಸತ್ತಿಯಲ್ಲೇ ಬಿಟ್ಟೆನೆಂದು ನೀನು ಮಾತು ಬಿಟ್ಟಿದ್ದೀಯ. ಬಿಡಬೇಕಾದದ್ದೇ. ನನಗೆ ಹರಳಿನ ಆಪರೇಶನ್ ಎಂದದ್ದು ಸುಳ್ಳು. ಮೂತ್ರಕೋಶದಲ್ಲಿ ಕ್ಯಾನ್ಸರ್ ಆಗಿತ್ತು. ಈಗಿಲ್ಲ. ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿ ಆಮೇಲೆ ಅಳು.

ಮೂತ್ರದಲ್ಲಿ ರಕ್ತ ಕಂಡಾಗ ಎಲ್ಲರೂ ನನ್ನ ಮಿಶ್ರಿಯನ್ನೇ ಬೈದರು. ಹುರಿದ ತಂಬಾಕಿನಿಂದ ಹಲ್ಲು ತಿಕ್ಕುವ ಚಟ ಕಲಿಸಿದವಳೆಂದು ನಿನ್ನ ಅಪ್ಪ ನನ್ನ ಹಡೆದವ್ವ, ನಿನ್ನ ಆಯಿಯ ಮೇಲೂ ಹರಿಹಾಯ್ದರು. ಮಿರಜದ ಡಾಕ್ಟರರು ಮಾತ್ರ ತುಣುಕು ತೆಗೆದು ಪರೀಕ್ಷಿಸಿ, ಇದು ಕರುಳಿನ ಜಾತಿಯ ಗಡ್ಡೆ, ಮೂತ್ರಕೋಶದಲ್ಲಿ ಹುಟ್ಟುವುದು ಬಹಳ ಅಪರೂಪ ಎಂದರು. ಬೇರೆ ಕಡೆಯಿಂದ ಹಬ್ಬಿದ್ದರೆ ಕೊಯ್ದು ಪ್ರಯೋಜನವಿಲ್ಲ, ಅಲ್ಲೇ ಹುಟ್ಟಿದ್ದರೆ ತೆಗೆಯಬಹುದು. ನನ್ನ ಜೀವ ಆ ಒಂದು ಪ್ರಶ್ನೆಯ ಮೇಲೆ ನಿಂತಿತು. ಜಠರ, ಕರುಳು, ಗರ್ಭಕೋಶ ಎಲ್ಲವನ್ನೂ ತಪಾಸಣೆ ಮಾಡಿದರು. ಎಲ್ಲ ಚೊಕ್ಕ. ನನ್ನ ಒಳಗು ನಮ್ಮ ಅಡುಗೆಮನೆಗಿಂತ ಸ್ವಚ್ಛವೆಂದು ನಿನ್ನ ಅಪ್ಪನಿಗೆ ಆಶ್ಚರ್ಯ.

ಕೊನೆಗೆ ಸ್ಕ್ಯಾನಿನಲ್ಲಿ ಗಡ್ಡೆ ಕಂಡದ್ದು ಮೂತ್ರಕೋಶದ ನೆತ್ತಿಯಲ್ಲಿ, ಹೊಕ್ಕುಳಕ್ಕೆ ಹೋಗುವ ದಾರಿಯ ಮೇಲೆ. ಹಸುಗೂಸಿದ್ದಾಗ ಇವರ ಹೊಕ್ಕುಳ ಒಸರುತ್ತಿತ್ತೇ ಎಂದು ಡಾಕ್ಟರರು ನಿನ್ನ ಆಯಿಯನ್ನು ಕೇಳಿದರು. ಅವಳ ಮುಖ ಬಿಳಿಚಿಕೊಂಡಿತು.

"ಬಾಳ ದಿನ ಒಸರತಿತ್ರಿ. ಸೂಲಗಿತ್ತಿ ಬರೂದ್ರಾಗ ಬಳ್ಳಿ ಕಟ್ಟಿದಾಕಿ ನಾನ. ನನ್ನ ಕೈಲಿಂದನ ಆತೇನ್ರಿ ಇದು?"

ಡಾಕ್ಟರರು ಅವಳ ಕೈ ಹಿಡಿದುಕೊಂಡರು. ಬಸಿರಿನಲ್ಲಿ ಪ್ರತಿ ಕೂಸಿಗೂ ಮೂತ್ರಕೋಶದಿಂದ ಹೊಕ್ಕುಳಕ್ಕೆ ಒಂದು ನಾಳವಿರುತ್ತದೆ, ಅದು ಮುಚ್ಚಿಹೋಗುತ್ತದೆ, ಕೆಲವರಲ್ಲಿ ಚೂರು ಉಳಿಯುತ್ತದೆ. ಗಡ್ಡೆಯ ಮೂಲ ಅಲ್ಲೇ, ಯಾರ ತಪ್ಪೂ ಅಲ್ಲ ಎಂದರು. ಆಯಿ ಗಳಗಳ ಅತ್ತು, ಕಣ್ಣೊರೆಸಿಕೊಂಡು, ಅಳಿಯ ತನ್ನ ಮಾತು ವಾಪಸು ತೆಗೆದುಕೊಳ್ಳಲೇಬೇಕೆಂದು ದವಾಖಾನೆಯಲ್ಲೇ ಹಟ ಹಿಡಿದಳು. ಆದರೂ ಡಾಕ್ಟರರು ನನಗೂ ಆಯಿಗೂ ಮಿಶ್ರಿ ಬಿಡಿಸಿದ್ದಾರೆ.

ಆಪರೇಶನ್ನಿನಲ್ಲಿ ಗಡ್ಡೆ ಪೂರ್ತಿ ಹೊರಬಂದಿದೆ ಎಂದು ನಿನ್ನೆ ರಿಪೋರ್ಟ್ ಬಂತು. ಆಗಾಗ ಹೋಗಿ ತೋರಿಸಬೇಕು, ಅಷ್ಟೆ. ಅಪ್ಪ ಊರಿಗೆಲ್ಲ ಪೇಢೆ ಹಂಚಿದರು. ಜನ ಮೊಮ್ಮಗಳ ಪೇಢೆ ಎಂದುಕೊಂಡರು, ನಾವೂ ತಿದ್ದಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಬರುತ್ತೇನೆ. ಭಾರ ಎತ್ತುವ ಹಾಗಿಲ್ಲ, ಕೂಸನ್ನು ನೀನೇ ನನ್ನ ತೊಡೆಯ ಮೇಲೆ ಇಡಬೇಕು.

ನಿನ್ನ ಸುಳ್ಳುಬುರುಕಿ ಅವ್ವ,
ಸುಗಂಧಾ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಗಡ್ಡೆಯ ಜೊತೆ ನನ್ನ ಹೊಕ್ಕುಳವನ್ನೂ ತೆಗೆದಿದ್ದಾರೆ. ಹಡೆದವ್ವನ ಗುರುತೇ ಹೋಯಿತಲ್ಲ ಎಂದು ಅತ್ತುಬಿಟ್ಟೆ. ಆಯಿ ಟ್ರಂಕಿನಿಂದ ಬೆಳ್ಳಿಯ ತಾಯಿತ ತೆಗೆದು ನನ್ನ ರಟ್ಟೆಗೆ ಕಟ್ಟಿದಳು. ನಾನು ಹುಟ್ಟಿದಾಗ ಒಣಗಿ ಉದುರಿದ ಬಳ್ಳಿಯ ತುಣುಕು ಅದರಲ್ಲಿದೆ. "ಹೊಕ್ಕಳ ಡಾಕ್ಟರ್ ಒಯ್ಲಿ ಬಿಡ. ಬಳ್ಳಿ ನನ್ನ ಹಂತೇಕ ಐತಿ" ಅಂದಳು. ನಿನ್ನ ಮಗಳದ್ದು ಉದುರಿದರೆ ಎಸೆಯಬೇಡ. ತಾಯಿತ ನಾನು ತರುತ್ತೇನೆ.