ಎರಡು ಚುಕ್ಕೆಯ ನೀರು

ಮನೆಯಿಂದ,
ಜನವರಿ ೧೭, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಯಜಮಾನಿಗೆ,

ನಿನ್ನ ಮಂಡಿ ಹೇಗಿದೆ? ಮಗಳ ಮನೆಯ ಲಿಫ್ಟು ವಾರಕ್ಕೆರಡು ದಿನ ಮುಷ್ಕರ ಹೂಡುತ್ತದೆ ಎಂದಿದ್ದೆಯಲ್ಲ, ಮೂರು ಮಹಡಿ ಹತ್ತುವಾಗ ಕಂಬಿ ಹಿಡಿದುಕೊಂಡೇ ಹತ್ತು, ಅದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ. ಮಗಳಿಗೆ ಈಗಲಾದರೂ ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಸಿಗುತ್ತಿದೆಯೇ? ಸಣ್ಣ ಯಜಮಾನಿ ಹೇಗಿದ್ದಾಳೆ? ಎರಡು ತಿಂಗಳು ತುಂಬಿತು, ಮುಖ ನೋಡಿ ನಗುವ ಕಾಲ. ನನ್ನನ್ನು ನೋಡಿಯೂ ನಗಲಿ ಎಂದು ಗಡ್ಡ ಬೋಳಿಸಿಕೊಂಡು ಕಾಯುತ್ತಿದ್ದೇನೆ. ಮಾತು ಇನ್ನೂ ಬಾರದಿದ್ದರೂ ಮನೆಮಂದಿಯನ್ನೆಲ್ಲ ಕುಣಿಸುತ್ತಿದ್ದಾಳೆ ಎಂದು ಕೇಳಿದೆ. ಅದು ನಿನ್ನ ಕಡೆಯಿಂದಲೇ ಬಂದದ್ದು. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಕಸ ಗುಡಿಸುತ್ತಿದ್ದೇನೆ, ಬಾಗಿಲ ಬಳಿಯ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ಅದು ಬದುಕಿದೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮಗಳು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು, ನಾನು ಕೆಮ್ಮಿದರೂ ಅಲ್ಲಿ ನಾಲ್ಕು ಜನಕ್ಕೆ ಕೇಳಿಸುತ್ತದೆ. ಈ ಸುದ್ದಿ ನಿನಗೊಬ್ಬಳಿಗೆ ಮಾತ್ರ, ಅದಕ್ಕೇ ಕಾಗದ.

ಇಪ್ಪತ್ತೆಂಟಕ್ಕೆ ನೀವು ಮೂವರೂ ಬರುತ್ತೀರಿ, ಇನ್ನು ಹನ್ನೊಂದು ದಿನ. ಹೋದ ಭಾನುವಾರ ಮಗಳು ಏನು ಹೇಳಿದಳೆಂದು ನಿನಗೂ ಗೊತ್ತು, ಪಕ್ಕದಲ್ಲೇ ಇದ್ದೆಯಲ್ಲ. "ಅಪ್ಪ, ಇವಳ ಸ್ನಾನದ ನೀರು ನೀವೇ ನೋಡ್ಬೇಕು. ಅಲ್ಲಿಗೆ ಬಂದ್ಮೇಲೆ ಬೇರೆ ಯಾರ ಕೈನೂ ನಾನು ನಂಬಲ್ಲ." ನನ್ನ ಎದೆ ಎರಡು ಅಂಗುಲ ಉಬ್ಬಿದ್ದು ನಿಜ. ನೀನು ಏನಾದರೂ ಕೊಂಕು ತೆಗೆಯುತ್ತೀಯೆಂದು ಕಾದೆ, ನಿನ್ನ ದನಿಯೇ ಕೇಳಲಿಲ್ಲ. ಅವಳು ಹುಟ್ಟಿದಾಗಲೂ ನೀರು ನೋಡಿದ್ದು ನಾನೇ ಅಲ್ಲವೇ? ನಮ್ಮ ಲಾಂಡ್ರಿಯಲ್ಲಿ ಮೂವತ್ತೆಂಟು ವರ್ಷ ನಡೆದದ್ದೂ ಅದೇ. ಬಟ್ಟೆಯ ಅಂಚಿಗೆ ನೀಲಿ ಶಾಯಿಯಲ್ಲಿ ಚುಕ್ಕೆ ಇಡುವುದು ನಿನ್ನ ಕೆಲಸ: ಒಂದು ಚುಕ್ಕೆಗೆ ತಣ್ಣೀರು, ಎರಡಕ್ಕೆ ಉಗುರುಬೆಚ್ಚಗಿನದು, ಮೂರಕ್ಕೆ ಕುದಿಯಲು ಸ್ವಲ್ಪವೇ ಬಾಕಿ ಇರುವಂಥದ್ದು. ಚುಕ್ಕೆಗೆ ತಕ್ಕ ನೀರು ಹದ ಮಾಡುವುದು ನನ್ನ ಕೆಲಸ. ತೊಟ್ಟಿಗೆ ಕೈ ಇಳಿಸಿ ಒಂದು ಸುತ್ತು ತಿರುಗಿಸಿದರೆ ಮುಗಿಯಿತು, ಇಷ್ಟು ವರ್ಷಗಳಲ್ಲಿ ಒಂದೇ ಒಂದು ಉಣ್ಣೆ ಕೋಟು ಕುಗ್ಗಲಿಲ್ಲ. ಥರ್ಮಾಮೀಟರ್ ಇಟ್ಟುಕೊಳ್ಳಿ ಎಂದ ಗಿರಾಕಿಗೆ, ಅದು ಸರಿಯಿದೆಯೋ ಇಲ್ಲವೋ ನೋಡಲು ಮತ್ತೆ ನನ್ನ ಕೈಯೇ ಬೇಕಲ್ಲ ಎಂದು ಹೇಳಿ ಕಳಿಸಿದ್ದೆ. ನೀನು ಮೂಗು ಮುರಿದಿದ್ದೆ.

ಇರಲಿ, ಗೀಸರ್ ವಿಷಯಕ್ಕೆ ಬರುತ್ತೇನೆ. ನಾನು ತಣ್ಣೀರಿನ ಮನುಷ್ಯ, ಇಡೀ ದಿನ ಹಬೆಯಲ್ಲಿ ನಿಂತವನಿಗೆ ಮನೆಯಲ್ಲೂ ಬಿಸಿನೀರು ಯಾಕೆ ಎಂದು ಶುರುವಾದದ್ದು ಹಾಗೇ ಉಳಿಯಿತು. ಹಾಗಾಗಿ ನೀನು ಹೊರಟ ದಿನದಿಂದ ಒಂಬತ್ತು ವಾರ ಗೀಸರ್ ಆರಿಯೇ ಇತ್ತು. ಮಗು ಬರುವ ಮೊದಲು ನೋಡಿಬಿಡೋಣವೆಂದು ಸೋಮವಾರ ಬೆಳಿಗ್ಗೆ ಸ್ವಿಚ್ ಹಾಕಿದೆ. ಕೆಂಪು ದೀಪ ಹತ್ತಿತು. ಅರ್ಧ ಗಂಟೆ ಬಿಟ್ಟು ಬಿಸಿನೀರಿನ ನಲ್ಲಿ ತಿರುಗಿಸಿ ಕೈ ಒಡ್ಡಿದರೆ ಬಿಸಿ ಎಂಬುದು ಹೆಸರಿಗೂ ಇಲ್ಲ. ತಣ್ಣಗೂ ಇಲ್ಲ, ಬರೀ ನೀರು. ತಲೆಯೆತ್ತಿ ನೋಡಿದರೆ ದೀಪವೂ ಆರಿದೆ. ಫ್ಯೂಸ್ ಪೆಟ್ಟಿಗೆಗೆ ಹೋಗಿ ಒಂದೊಂದೇ ಸ್ವಿಚ್ ಕೆಳಗೆ ಮಾಡಿ ಮೇಲೆ ಮಾಡಿದೆ. ಪ್ರಯೋಜನವಾಗಲಿಲ್ಲ. ಮಿಕ್ಸರ್ ನಲ್ಲಿಯೊಳಗೆ ತಣ್ಣೀರು ನುಸುಳುತ್ತಿದೆಯೇನೋ ಎಂದು ತಣ್ಣೀರಿನ ವಾಲ್ವನ್ನೇ ಬಿಗಿದು ನಿಲ್ಲಿಸಿದೆ. ಆಗಲೂ ಅಷ್ಟೇ. ಮರುದಿನ ಬಿಸಿನೀರಿನ ನಲ್ಲಿ ಬಿಟ್ಟುಕೊಂಡೇ ಸ್ಟೂಲು ಹಾಕಿ ಹತ್ತಿ ಗೀಸರಿನ ತಳದ ಮುಚ್ಚಳ ತೆಗೆದೆ. ಕನ್ನಡಕ ಮಸುಕು ಮಸುಕಾಗುತ್ತಿತ್ತು, ಎರಡು ಸಲ ಒರೆಸಿ ಬೇಸತ್ತು ತೆಗೆದು ಕಿಟಕಿಯಲ್ಲಿಟ್ಟೆ. ಗಾಜು ಹಳೆಯದಾಯಿತು ಅಂದುಕೊಂಡೆ. ಕಾವು ಹೆಚ್ಚು ಕಡಿಮೆ ಮಾಡುವ ತಿರುಗುಣಿಯನ್ನು ಯಾರೋ ತೀರಾ ಕೆಳಗೆ ಇಳಿಸಿದ್ದರು, ಪಕ್ಕದಲ್ಲಿ ನೊಣ ಕೂತೆದ್ದ ಹಾಗೆ ಏನೋ ಕಲೆ. ಇದು ನಿನ್ನ ಕರೆಂಟು ಉಳಿಸುವ ಚಾಳಿಯೇ ಸರಿ ಎಂದು ನಗು ಬಂತು. ಮೇಲಕ್ಕೆ ತಿರುಗಿಸಿದೆ. ಅದರ ಹತ್ತಿರ ಒಂದು ಸಣ್ಣ ಗುಂಡಿ ಇರುತ್ತದೆ, ಅತಿಯಾಗಿ ಕಾದರೆ ತಾನೇ ಹಾರಿಕೊಂಡು ಕರೆಂಟು ತಪ್ಪಿಸುವಂಥದ್ದು, ಅದನ್ನೂ ಒತ್ತಿದೆ. ಟ್ಯಾಂಕಿಗೆ ಕಿವಿ ಇಟ್ಟರೆ ಒಳಗೆ ಗುಸುಗುಸು ಸದ್ದು ಇತ್ತು. ಕಾಲು ಗಂಟೆಗೆ ದೀಪ ಮತ್ತೆ ಆರಿತು. ನಲ್ಲಿಗೆ ಕೈ ಹಿಡಿದೆ, ಅದೇ ಬರೀ ನೀರು.

ನಿನ್ನ ಮೇಲೆ ಸ್ವಲ್ಪ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ದಿನಾ ಬೆಳಿಗ್ಗೆ ನಿನ್ನ ಸ್ನಾನದ ಬಕೆಟ್ಟು ತುಂಬಿಸಿ, ಕೈಯಾಡಿಸಿ, ಹದವಾಗಿದೆ ಹೋಗು ಎನ್ನುತ್ತಿದ್ದವನು ನಾನು. ಹೋದ ಆಗಸ್ಟಿನಲ್ಲಿ ಇದ್ದಕ್ಕಿದ್ದಂತೆ, "ನನ್ನ ಬಕೆಟ್ಟು ನಾನೇ ತುಂಬಿಸ್ಕೋತೀನಿ, ನೀವು ಪೇಪರ್ ಓದ್ಕೊಳ್ಳಿ" ಎಂದುಬಿಟ್ಟೆ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ್ದೆ, ನೀನು ಕೇಳಲೂ ಇಲ್ಲ. ಹೊರಡುವ ದಿನ ಗಾಡಿ ಬಾಗಿಲಲ್ಲಿ ನಿಂತಾಗಲೂ, ಊಟ ಸರಿಯಾಗಿ ಮಾಡಿ ಅನ್ನಲಿಲ್ಲ, ಬೀಗ ನೋಡಿಕೊಳ್ಳಿ ಅನ್ನಲಿಲ್ಲ, "ಗೀಸರ್ ತಂಟೆಗೆ ಹೋಗ್ಬೇಡಿ" ಎಂದೆ. ಗೀಸರ್ ಕೆಟ್ಟಿರುವುದು ನಿನಗೆ ಮೊದಲೇ ಗೊತ್ತಿತ್ತು, ನಾನು ಸ್ಕ್ರೂಡ್ರೈವರ್ ಹಿಡಿದು ಪೂರ್ತಿ ಹಾಳುಮಾಡಿಯೇನೆಂದು ಮುಚ್ಚಿಟ್ಟಿದ್ದೀಯೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಕೂತಿತು.

ಬುಧವಾರ ರಿಪೇರಿಯವನನ್ನು ಕರೆದೆ. ನೀನು 'ನಿಧಾನಪ್ಪ' ಎಂದು ಹೆಸರಿಟ್ಟೆಯಲ್ಲ, ಅವನೇ. ಹತ್ತು ಗಂಟೆಗೆ ಬರುತ್ತೇನೆಂದವನು ಹನ್ನೆರಡಕ್ಕೆ ಬಂದ, ಚಹಾ ಕುಡಿದ, ನನ್ನ ವರದಿಯನ್ನು ಅಡ್ಡ ಬಾಯಿ ಹಾಕದೆ ಕೇಳಿದ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬೆರಳು ತಾಗಿಸಿದ. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಅಷ್ಟು ಬೇಗ ಚಲಿಸಿದ್ದನ್ನು ನಾನು ಕಂಡಿರಲಿಲ್ಲ. ಪಾನಾ ಕೈಜಾರಿ ಬಕೆಟ್ಟಿಗೆ ಬಿತ್ತು. "ಏನ್ ಸಾರ್, ತಮಾಷೆನಾ?" ಎಂದ. ನಾನೇನು ಸುಳ್ಳು ಹೇಳುತ್ತೇನೆಯೇ ಎಂದು ಕೈಯನ್ನು ನೀರಿಗೆ ಹಿಡಿದು ನಿಂತೆ, ಎಲ್ಲಿದೆ ಬಿಸಿ, ನೀನೇ ನೋಡು ಎಂದೆ. ಅವನು ನನ್ನ ಮಣಿಕಟ್ಟು ಹಿಡಿದು ಎಳೆದ. ಗೀಸರ್ ಕಡೆ ನೋಡಲೇ ಇಲ್ಲ, ನನ್ನ ಕೈಯನ್ನೇ ನೋಡುತ್ತಿದ್ದ. ಅಂಗೈ ಕೆಂಪಾಗಿತ್ತು. ಹೆಬ್ಬೆರಳ ಬುಡದಲ್ಲಿ ಒಂದು ಬೊಬ್ಬೆಯಿತ್ತು, ಸೋಮವಾರ ವಾಲ್ವು ಬಿಗಿದಾಗ ಎದ್ದದ್ದು ಅಂದುಕೊಂಡಿದ್ದೆ. ತಣ್ಣೀರಿನ ನಲ್ಲಿಯ ಕೆಳಗೆ ನನ್ನ ಕೈಯನ್ನು ಹಿಡಿದುಕೊಂಡು ಹತ್ತು ನಿಮಿಷ ನಿಂತ. ಆಮೇಲೆ ಎರಡು ಬಕೆಟ್ಟು ತುಂಬಿಸಿದ, ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಸುಡದಷ್ಟು ಬೆರೆಸಿದ ಬಿಸಿನೀರು. ಕಣ್ಣು ಮುಚ್ಚಿಸಿ ಎರಡರಲ್ಲೂ ಕೈ ಅದ್ದಿಸಿ ಯಾವುದು ಬಿಸಿ ಎಂದು ಕೇಳಿದ. ಎರಡೂ ಒಂದೇ ಎಂದೆ. "ಗೀಸರ್‌ಗೆ ಏನೂ ಆಗಿಲ್ಲ ಸಾರ್. ದೀಪ ಆರೋದು ನೀರು ಕಾದಿದೆ ಅಂತ" ಎಂದ. ಒಂದೇ ಒಂದು ಸ್ಕ್ರೂ ಬಿಚ್ಚದೆ ಚೀಲ ಹೆಗಲಿಗೇರಿಸಿಕೊಂಡು ಹೋದ. ಕನ್ನಡಕ ಮಸುಕಾದದ್ದು ಹಬೆಯಿಂದ ಎಂದು ಆಗ ಹೊಳೆಯಿತು. ಹಬೆಯಲ್ಲೇ ಜೀವ ಸವೆಸಿದವನಿಗೆ ಹಬೆ ಕಾಣಲಿಲ್ಲ.

ನಿನ್ನೆ ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆ. ಸೂಜಿ ಚುಚ್ಚಿದರು, ಹತ್ತಿ ಸವರಿದರು, ತಣ್ಣಗಿನ ಕಬ್ಬಿಣದ ತುಂಡು ಒತ್ತಿದರು. ಒತ್ತಿದ್ದು ತಿಳಿಯುತ್ತದೆ, ತಣ್ಣಗಿದ್ದದ್ದು ತಿಳಿಯುವುದಿಲ್ಲ. ಬಲಗೈಯಲ್ಲಿ ಹೆಚ್ಚು, ಎಡಗೈಯಲ್ಲಿ ಸ್ವಲ್ಪ ಕಡಿಮೆ, ನರದ ತೊಂದರೆ ಎಂದರು. ರಕ್ತ ತೆಗೆದುಕೊಂಡಿದ್ದಾರೆ, ಸೋಮವಾರ ಗೊತ್ತಾಗುತ್ತದೆ. "ಹೋಗಿರೋದು ವಾಪಸ್ ಬರುತ್ತೆ ಅಂತ ಹೇಳಲ್ಲ. ಇನ್ನಷ್ಟು ಹೋಗದ ಹಾಗೆ ನೋಡ್ಕೋಬಹುದು" ಎಂದರು. ಯಾವಾಗಿನಿಂದ ಎಂದು ಕೇಳಿದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು, ವಯಸ್ಸಾಯಿತು ಎಂದು ಬಿಟ್ಟಿದ್ದೆ. ಅಂಗಡಿ ಮುಚ್ಚಿದ ಮೇಲೂ ಅಕ್ಕಪಕ್ಕದವರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದೇನೆ, ಒಂದೂ ಸುಟ್ಟಿಲ್ಲವಲ್ಲ ಎಂದು ವಾದ ಮಾಡಿದೆ. ದಾರಿಯಲ್ಲಿ ಬರುವಾಗ ಅದಕ್ಕೂ ಉತ್ತರ ಸಿಕ್ಕಿತು. ಒದ್ದೆ ಬೆರಳು ತಾಗಿಸಿದಾಗ ಚುಂಯ್ ಎನ್ನುತ್ತದೆ, ಕಾವು ಅಳೆಯುತ್ತಿದ್ದುದು ಕಿವಿ, ಬೆರಳಲ್ಲ.

ನನಗೆ ಬೇಸರವಾಗಿದೆ, ಆದರೆ ಅದು ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ, ನಿಧಾನಪ್ಪ ಬಾರದೇ ಇದ್ದಿದ್ದರೆ, ಬೇರೆ ಗೀಸರನ್ನೇ ತಂದು ಹಾಕಿಸಿ, ಇಪ್ಪತ್ತೊಂಬತ್ತರ ಬೆಳಿಗ್ಗೆ ನಾನು ಟಬ್ಬಿನಲ್ಲಿ ಕೈಯಾಡಿಸಿ, ಹದವಾಗಿದೆ, ತನ್ನಿ ಮಗೂನ ಎನ್ನುತ್ತಿದ್ದೆ. ಮಗಳು ನನ್ನ ಮಾತು ನಂಬಿ ಇಳಿಸುತ್ತಿದ್ದಳು. ಬುಧವಾರದಿಂದ ಇದೊಂದೇ ತಲೆಯಲ್ಲಿ ಸುತ್ತುತ್ತಿದೆ, ಹೆದರಿಕೆಯಾಗುತ್ತದೆ.

ಹಾಗಾಗಿ ಒಂದು ಉಪಾಯ ಮಾಡಿದ್ದೇನೆ. ಮಗುವಿನ ಟಬ್ಬಿಗೆ ಹಾಕುವ ಪುಟ್ಟ ಥರ್ಮಾಮೀಟರ್ ತಂದಿದ್ದೇನೆ, ಬಾತುಕೋಳಿಯ ಆಕಾರದ್ದು. ಟವೆಲ್ಲಿನ ಅಡಿಯಲ್ಲಿ ಇಟ್ಟುಕೊಂಡು ಯಾರೂ ನೋಡದಾಗ ಅದ್ದಿ ನೋಡಿ, ಆಮೇಲೆ ಎಲ್ಲರೆದುರು ಕೈಯಾಡಿಸುತ್ತೇನೆ. ಮಗಳಿಗೆ ಏನೂ ಹೇಳಬೇಡ. ಅವಳ ಮುಂದೆ ಒಂದೆರಡು ವಾರ ನನ್ನ ಕೈ ಮೊದಲಿನ ಕೈಯಾಗಿಯೇ ಇರಲಿ. ನೀನು ಮಾತ್ರ ಹತ್ತಿರ ನಿಂತಿರು. ಇಷ್ಟನ್ನು ನಡೆಸಿಕೊಡು.

ಅಳಿಯನಿಗೆ ಕೇಳಿದೆನೆಂದು ಹೇಳು. ಮಗಳಿಗೂ ಸಣ್ಣ ಯಜಮಾನಿಗೂ ನನ್ನ ಆಶೀರ್ವಾದ. ನೀನು ಹುಷಾರು.

ಇಂತಿ ನಿನ್ನ,
ತೊಟ್ಟಿ ಕಾಯುವವನು

ತಾ.ಕ.: ಕಾಗದ ಮಡಚಿ ಅಂಚೆಗೆ ಹೊರಟವನು, ಗೀಸರಿನಲ್ಲಿ ಮೇಲಕ್ಕೆ ತಿರುಗಿಸಿದ್ದನ್ನು ಇಳಿಸಿ ಹೋಗೋಣವೆಂದು ಸ್ಟೂಲು ಹತ್ತಿದೆ. ಈ ಸಲ ಕನ್ನಡಕ ಇತ್ತು. ಅದು ನೊಣದ ಕಲೆಯಲ್ಲ. ತಿರುಗುಣಿಯ ಪಕ್ಕ ನಮ್ಮ ನೀಲಿ ಶಾಯಿಯಲ್ಲಿ ಎರಡು ಚುಕ್ಕೆ. ಆ ಮಂಡಿ ಇಟ್ಟುಕೊಂಡು ನೀನು ಈ ಸ್ಟೂಲು ಹತ್ತಿದ್ದೀಯೆ. ಹೊಗೆಯಾಡುವ ನೀರಿಲ್ಲದೆ ಸ್ನಾನವೇ ಆಗದವಳು ನನ್ನ ಕೈಗೋಸ್ಕರ ಆಗಸ್ಟಿನಿಂದ ಉಗುರುಬೆಚ್ಚಗಿನ ನೀರು ಹೊಯ್ದುಕೊಂಡಿದ್ದೀಯೆ, ತುಟಿ ಬಿಚ್ಚಿಲ್ಲ. ಆಗಸ್ಟಿನಲ್ಲಿ ನಿನ್ನ ಎಡಪಾದದ ಮೇಲಿದ್ದ ಆ ಸುಟ್ಟ ಗಾಯ ಇಸ್ತ್ರಿ ಪೆಟ್ಟಿಗೆ ಬಿದ್ದದ್ದೆಂದು ನೀನು ಹೇಳಿದ್ದೆ. ಇಸ್ತ್ರಿಯ ಸುಟ್ಟ ಗಾಯಕ್ಕೆ ಅಂಚಿರುತ್ತದೆ. ನಿನ್ನದಕ್ಕೆ ಅಂಚಿರಲಿಲ್ಲ, ನೀರು ಚೆಲ್ಲಿದ ಹಾಗೆ ಹರಡಿತ್ತು. ಅಷ್ಟು ನನಗೆ ಗೊತ್ತಾಗಬೇಕಿತ್ತು. ನಾನು ತುಂಬಿಸಿದ ಬಕೆಟ್ಟು ಅದು. ಮೇಲೆ ಬರೆದ ಉಪಾಯ ಬಿಟ್ಟುಬಿಡು. ಒಂದು ಮನೆಗೆ ಇಷ್ಟು ಮುಚ್ಚಿಟ್ಟದ್ದು ಸಾಕು. ಮಗುವಿನ ನೀರು ನೀನೇ ನೋಡು, ನಾನು ಟವೆಲ್ ಹಿಡಿದು ನಿಲ್ಲುತ್ತೇನೆ. ಮಗಳಿಗೆ ಭಾನುವಾರ ಫೋನಿನಲ್ಲಿ ನಾನೇ ಹೇಳುತ್ತೇನೆ, ಸ್ಪೀಕರ್ ಹಾಕಿಯೇ ಇರಲಿ. ತಿರುಗುಣಿಯನ್ನು ನಿನ್ನ ಚುಕ್ಕೆಗೇ ತಂದು ನಿಲ್ಲಿಸಿದ್ದೇನೆ. ಮೊದಲ ಸಾಲಿನಲ್ಲಿ ಮಂಡಿ ಹೇಗಿದೆ ಎಂದು ಕೇಳಿದ್ದೇನೆ. ಪಾದ ಹೇಗಿದೆ?