ಮಾರಲಾಗದ ಷೇರು, ಬಿಡಲಾಗದ ಕುರ್ಚಿ

ಮಾನ್ಯ ಡೀನ್ ಅವರೇ,

ನಾವು ಮಾಡದ ತೀರ್ಮಾನವನ್ನು ನಾವೇ ಮಾಡಿದ್ದೆಂದು ತುಂಬಿದ ಸಭೆಯಲ್ಲಿ ಹೇಳಲು ಒಬ್ಬ ಹುಡುಗ ಒಪ್ಪಲಿಲ್ಲ. ಅವನನ್ನು ಹೊರಗೆ ಹಾಕಿದಿರಿ. ಈಗ ಅದೇ ಮಾತನ್ನು ನನ್ನ ಬಾಯಿಂದ ಹೇಳಿಸಲು ಹೊರಟಿದ್ದೀರಿ. ನನ್ನ ದೂರು ಇಷ್ಟೇ. ಇದನ್ನು ತಮ್ಮ ಕಚೇರಿಯಲ್ಲೇ ಹೇಳಿಕೊಳ್ಳಬಹುದಿತ್ತಲ್ಲ ಎನ್ನಬಹುದು. ಹೇಳಿಕೊಂಡೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ನೋಟಿಸ್ ಬೋರ್ಡಿನ ಮುಂದೆ ಗೆಳತಿಯರು ನನ್ನ ಕೈ ಕುಲುಕಿದಾಗಲೇ ನಾನು ವಿದ್ಯಾರ್ಥಿ ಹೂಡಿಕೆ ನಿಧಿಯ ಅಧ್ಯಕ್ಷೆಯಾಗಿದ್ದೇನೆಂದು ನನಗೆ ತಿಳಿದದ್ದು. ಮಧ್ಯಾಹ್ನ ತಮ್ಮ ಕಚೇರಿಗೆ ಬಂದು, ಈ ಹುದ್ದೆ ನನಗೆ ಬೇಡ ಎಂದೆ.

"ಬೇಡ ಅನ್ನೋಕೆ ಬರಲ್ಲಮ್ಮ," ಎಂದರು ತಮ್ಮ ಆಪ್ತ ಸಹಾಯಕರು. "ನಿಧಿ ಅಂದ್ರೆ ಕಡ್ಡಾಯ ವಿಷಯ. ಅದ್ರಲ್ಲಿ ಪಾಸಾಗ್ದೆ ಡಿಗ್ರಿ ಇಲ್ಲ."

"ನಿಧಿಯಲ್ಲಿ ಇರ್ತೀನಿ ಸರ್. ಅಧ್ಯಕ್ಷೆ ಆಗೋದು ಬೇಡ."

"ಡೀನ್ ಸಾಹೇಬ್ರು ಸಹಿ ಹಾಕ್ಬಿಟ್ಟಿದಾರಲ್ಲ. ರಾಜೀನಾಮೆ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಇದುವರೆಗೂ ಯಾರೂ ಕೊಟ್ಟೇ ಇಲ್ಲ."

ಯಾರೂ ಕೊಟ್ಟಿಲ್ಲವೆಂದು ಪದ್ಧತಿಯಿಲ್ಲ, ಪದ್ಧತಿಯಿಲ್ಲವೆಂದು ಯಾರೂ ಕೊಡುವಂತಿಲ್ಲ. ಹಣಕಾಸು ಓದುವ ನನಗೆ ಇಂಥ ತರ್ಕ ಇನ್ನೂ ಕಲಿಸಿಲ್ಲ. ಬಹುಶಃ ಸ್ನಾತಕೋತ್ತರ ತರಗತಿಯಲ್ಲಿ ಬರುತ್ತದೆ.

ಹೊರಗಿನ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಕಾಲೇಜಿನ ಪರಿಚಯ ಪುಸ್ತಿಕೆಯ ಮೊದಲ ಪುಟದಲ್ಲೇ 'ವಿದ್ಯಾರ್ಥಿಗಳೇ ನಡೆಸುವ ನಿಧಿ' ಎಂದು ದಪ್ಪಕ್ಷರದಲ್ಲಿದೆ. ಅದು ಆಟದ ಹಣವಲ್ಲ, ನಿಜವಾದದ್ದು. ಅದರ ಲಾಭದಿಂದಲೇ ಕಷ್ಟದಲ್ಲಿರುವ ಕಿರಿಯ ವಿದ್ಯಾರ್ಥಿಗಳ ಶುಲ್ಕ ಸಂದಾಯವಾಗುತ್ತದೆ. ಹಣಕಾಸು ವಿಷಯದ ಕೊನೆಯ ವರ್ಷದವರು ಗ್ರಂಥಾಲಯದ ಪಕ್ಕದ ಗಾಜಿನ ಕೋಣೆಯಲ್ಲಿ ಕೂತು, ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಚರ್ಚಿಸಿ ಕೈ ಎತ್ತಿ ತೀರ್ಮಾನಿಸುತ್ತೇವೆ. ಗೋಡೆಯ ಮೇಲೆ ಕೆಂಪು ಹಸಿರು ದರಗಳು ಓಡುತ್ತಿರುತ್ತವೆ. ಹೊಸದಾಗಿ ಸೇರುವವರ ತಂದೆತಾಯಿಗಳಿಗೆ ಗಾಜಿನಾಚೆಯಿಂದ ನಮ್ಮನ್ನು ತೋರಿಸುತ್ತಾರೆ. ಆಗ ನಾವು ಪರದೆ ನೋಡುತ್ತ ಹುಬ್ಬು ಗಂಟಿಕ್ಕಿಕೊಂಡಿರಬೇಕೆಂದು ಸೂಚನೆಯಿದೆ. ನಾನು ಬಲು ಚೆನ್ನಾಗಿ ಗಂಟಿಕ್ಕುತ್ತೇನೆ. ಆ ಪ್ರತಿಭೆ ನೋಡಿಯೇ ಈ ಹುದ್ದೆ ಕೊಟ್ಟಿರೋ ಏನೋ. ತೀರ್ಮಾನ ನಮ್ಮದು ಸರಿ, ಆದರೆ ಅದನ್ನು ಜಾರಿ ಮಾಡುವ ಕೀಲಿ ತಮ್ಮ ಕಚೇರಿಯ ಕಂಪ್ಯೂಟರಿನಲ್ಲಿದೆ. ಅದು ಬರಿಯ ಔಪಚಾರಿಕತೆ ಎಂದು ಮೊದಲ ದಿನ ಹೇಳಿದ್ದಿರಿ.

ನಿಧಿ ಶುರುವಾದದ್ದು ನಲ್ಲಿ, ಷವರ್ ತಯಾರಿಸುವ ಕಂಪನಿಯೊಂದರ ಮಾಲೀಕರು ದಾನವಾಗಿ ಕೊಟ್ಟ ಅದೇ ಕಂಪನಿಯ ಷೇರುಗಳಿಂದ. ಈ ವರ್ಷ ಅದರ ಪರಿಶೀಲನೆ ನನ್ನ ಮತ್ತು ಆಗಿನ ಅಧ್ಯಕ್ಷನ ಪಾಲಿಗೆ ಬಂತು. ಅವನನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ, ಏಕೆಂದರೆ ಯಾರಿಗೆ ಏನು ಅರ್ಥವಾಗದಿದ್ದರೂ ಕ್ಯಾಂಟೀನಿನ ಮೇಜಿನ ಮೇಲೆ ಬೆರಳಲ್ಲೇ ಗೀಚಿ ಅರ್ಥವಾಗುವವರೆಗೆ ಬಿಡುವವನಲ್ಲ. ಕಂಪನಿಯ ವಾರ್ಷಿಕ ವರದಿ ಯಾರು ಬೇಕಾದರೂ ಓದಬಹುದಾದದ್ದು. ನಾವು ಓದಿದೆವು. ಮಾರಾಟವಾಗದ ಸರಕು ಗೋದಾಮಿನಲ್ಲಿ ಬೆಳೆಯುತ್ತಿತ್ತು, ಹಳೆಯ ಸಾಲ ತೀರಿಸಲು ಹೊಸ ಸಾಲ ತೆಗೆಯುತ್ತಿದ್ದರು. ಮಾರಿಬಿಡೋಣ ಎಂದೆವು. ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ಕೈ ಎತ್ತಿದರು.

ಷೇರು ಮಾತ್ರ ಮಾರಾಟವಾಗದೆ ಇದ್ದಲ್ಲೇ ಇತ್ತು. ಕೆಲವು ದಿನಗಳ ಮೇಲೆ ಮಾರ್ಗದರ್ಶಕ ಪ್ರಾಧ್ಯಾಪಕರು ಬಂದು ಬಾಗಿಲು ಮುಚ್ಚಿದರು.

"ಮಾರ್ಬೇಡಿ ಅಂತ ನಾನು ಹೇಳ್ತಿಲ್ಲ. ಇನ್ನೊಂದ್ ಸಲ ಯೋಚನೆ ಮಾಡಿ ಅಂತಿದೀನಿ."

"ಮಾಡಿದೀವಿ ಸರ್," ಎಂದ ಮೇಷ್ಟ್ರು.

"ಹಾಗಾದ್ರೆ ಸರಿಯಾಗಿ ಮಾಡಿಲ್ಲ."

ಮತ್ತೆ ಯೋಚಿಸಿದೆವು, ಮತ್ತೆ ಎಲ್ಲರೂ ಕೈ ಎತ್ತಿದೆವು. ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸುತ್ತ ಕೂತರು. "ನೀವು ಇನ್ನೆರಡು ತಿಂಗಳಲ್ಲಿ ಹೋಗ್ಬಿಡ್ತೀರಿ. ನಾನು ಇಲ್ಲೇ ಇರ್ಬೇಕಪ್ಪ," ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಗಾಜಿನ ಕೋಣೆಯಲ್ಲಿ ಸಿಕ್ಕಿಬಿದ್ದವರು ವಿದ್ಯಾರ್ಥಿಗಳಷ್ಟೇ ಅಲ್ಲವೆಂದು ಅಂದು ತಿಳಿಯಿತು.

ದರ ಕುಸಿಯಿತು. ನಾವು ಪರದೆಯ ಮುಂದೆ ಕೂತು ನೋಡಿದೆವು. ಈ ಸಲ ಹುಬ್ಬು ಗಂಟಿಕ್ಕಲು ಯಾರ ಸೂಚನೆಯೂ ಬೇಕಾಗಲಿಲ್ಲ. ಮುಂದಿನ ವರ್ಷ ಕಿರಿಯರಲ್ಲಿ ಎಷ್ಟೋ ಜನರಿಗೆ ಶುಲ್ಕದ ನೆರವು ಇಲ್ಲವೆಂದು ತಮ್ಮ ಕಚೇರಿಯೇ ತಿಳಿಸಿತು. ಕಾರಣ: 'ವಿದ್ಯಾರ್ಥಿಗಳ ಹೂಡಿಕೆ ನಿರ್ಧಾರ'.

ಆಮೇಲೆ ವಾರ್ಷಿಕ ಸಭೆ. ಮುಂದಿನ ಸಾಲಿನಲ್ಲಿ ತಾವು, ಪಕ್ಕದಲ್ಲಿ ಷೇರು ಕೊಟ್ಟ ದಾನಿಗಳು, ಆ ನಲ್ಲಿ ಕಂಪನಿಯ ಮಾಲೀಕರು. 'ಈ ಷೇರನ್ನು ನಾವು ಉಳಿಸಿಕೊಂಡದ್ದೇಕೆ' ಎಂದು ವಿವರಿಸಲು ಮೇಷ್ಟ್ರನ್ನು ವೇದಿಕೆಗೆ ಕರೆದರು. ಭಾಷಣವನ್ನು ತಮ್ಮ ಕಚೇರಿಯೇ ಬರೆದುಕೊಟ್ಟಿತ್ತು. ಅವನು ಮೊದಲ ಸಾಲು ಓದಿ ನಿಂತುಬಿಟ್ಟ. ಅವನ ಕುತ್ತಿಗೆ ಕೆಂಪಾದದ್ದು ನನಗೆ ಹಿಂದಿನ ಸಾಲಿನಿಂದಲೂ ಕಾಣುತ್ತಿತ್ತು.

"ಕ್ಷಮಿಸಿ," ಎಂದ. "ನಾವು ಉಳಿಸ್ಕೊಳ್ಳೋಣ ಅನ್ಲಿಲ್ಲ. ಮಾರೋಣ ಅಂದ್ವಿ. ಎರಡು ಸಲ."

ಅಷ್ಟೇ ಅವನು ಆಡಿದ್ದು. ಕೂಗಲಿಲ್ಲ, ಯಾರನ್ನೂ ಬೊಟ್ಟುಮಾಡಿ ತೋರಿಸಲಿಲ್ಲ. ಆಗ ದಾನಿಗಳು ತಮ್ಮ ಕಡೆ ತಿರುಗಿ, "ಹೌದಾ? ನನಗೆ ಯಾರೂ ಹೇಳ್ಲಿಲ್ಲವಲ್ಲ?" ಎಂದು ಕೇಳಿದರು. ಅವರ ಮುಂದಿದ್ದ ಮೈಕು ಚಾಲೂ ಇತ್ತು, ಸಭೆಯೆಲ್ಲ ಕೇಳಿಸಿಕೊಂಡಿತು. ತಾವು ಎದ್ದು, "ಎಲ್ಲರೂ ಚಹಾಕ್ಕೆ ದಯಮಾಡಿಸಬೇಕು," ಎಂದಿರಿ.

ಮಾನ್ಯರೇ, ಅಂದಿನಿಂದ ನನ್ನನ್ನು ಕಾಡುತ್ತಿರುವುದು ಇದು. ಮಾರಬಾರದೆಂದು ಆ ದಾನಿಗಳು ಕೇಳಿಯೇ ಇರಲಿಲ್ಲ! ಅವರು ಮುನಿಸಿಕೊಂಡಾರು ಎಂದು ತಾವೇ ಊಹಿಸಿದಿರಿ, ತಾವೇ ಹೆದರಿದಿರಿ, ಆ ಹೆದರಿಕೆಗೆ ನಮ್ಮ ತೀರ್ಮಾನವೆಂದು ಹೆಸರಿಟ್ಟಿರಿ. ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಏನು ಕಳೆದುಹೋಗುತ್ತಿತ್ತು? ಕೇಳದೆ ಏನು ಕಳೆದುಹೋಯಿತೆಂಬುದು ಕಣ್ಣ ಮುಂದಿದೆ.

ಮೇಷ್ಟ್ರನ್ನು 'ಶಿಸ್ತಿನ ಕೊರತೆ'ಯ ಮೇಲೆ ನಿಧಿಯಿಂದ ತೆಗೆದಿರಿ. ನಿಧಿಯಿಲ್ಲದೆ ಡಿಗ್ರಿಯಿಲ್ಲ, ಡಿಗ್ರಿಯಿಲ್ಲದೆ ಅವನಿಗೆ ಸಿಕ್ಕಿದ್ದ ಕೆಲಸವಿಲ್ಲ. ನನ್ನನ್ನು ಅವನ ಜಾಗಕ್ಕೆ ಹಾಕಿದ್ದಾರೆಂದು ಫೋನಿನಲ್ಲಿ ಅವನಿಗೆ ಹೇಳಿದೆ.

"ನಿಂಗೂ ಭಾಷಣ ಬರ್ದು ಕೊಡ್ತಾರೆ. ಕೊಟ್ಟಿದ್ದನ್ನ ಓದ್ಬಿಡು," ಎಂದ. "ಇಬ್ಬರೂ ಮನೇಲಿ ಕೂತು ಏನ್ ಮಾಡೋಣ? ಒಬ್ಬರಾದ್ರೂ ಪಾಸಾಗೋಣ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದೇ ಸಂಜೆ ಮನೆಯಲ್ಲಿ ಇನ್ನೊಂದು ಕಾದಿತ್ತು. ನಮ್ಮ ಜೊತೆಗಿರುವ ಚಿಕ್ಕಪ್ಪ ಮುದ್ರಣಾಲಯದಲ್ಲಿ ದುಡಿದು ನಿವೃತ್ತರಾದವರು. ನಿವೃತ್ತಿಯಲ್ಲಿ ಬಂದದ್ದರಲ್ಲಿ ಒಂದು ಭಾಗವನ್ನು, ನನಗೆ ಹೇಳದೆ, ಅದೇ ನಲ್ಲಿ ಕಂಪನಿಗೆ ಹಾಕಿದ್ದಾರೆ. ನಿಧಿಯ ಷೇರುಗಳ ಪಟ್ಟಿಯಿರುವ ಪರಿಚಯ ಪುಸ್ತಿಕೆ ನಮ್ಮ ಮನೆಯಲ್ಲೂ ಇದೆಯಲ್ಲ.

"ಪುಟ್ಟಿ, ಇನ್ನೂ ಇಳೀತಲ್ಲೇ ಇದು," ಎಂದು ಫೋನು ತೋರಿಸಿದರು. "ನಿಮ್ಮ ಕಾಲೇಜಿನೋರು ಮಾರಿದ್ರಾ?"

"ಇಲ್ಲ ಚಿಕ್ಕಪ್ಪ. ಆದ್ರೆ ನೀವು ಮಾರ್ಬಿಡಿ."

"ಓದಿದ ಅಷ್ಟು ಮಕ್ಕಳು ಕೂತು ಲೆಕ್ಕ ಹಾಕಿ ಇಟ್ಕೊಂಡಿದೀರಿ. ನಾನ್ಯಾಕೆ ಹೆದರ್ಕೊಂಡು ಮಾರ್ಲಿ?"

ಒಲೆಯ ಮುಂದಿದ್ದ ಅಮ್ಮ ತಿರುಗಿ, "ಈಗ ಅದಕ್ಕೆಲ್ಲ ಅವಳೇ ಅಧ್ಯಕ್ಷೆ ಕಣೋ, ಅವಳಿಗೆ ಗೊತ್ತಿರಲ್ವಾ?" ಎಂದಳು. ಅವಳ ಮುಖ ಅರಳಿತ್ತು. ನಿಧಿಯ ಚರ್ಚೆಯನ್ನು ಹೊರಗೆ ಆಡುವುದಿಲ್ಲವೆಂದು ನಾವೆಲ್ಲ ತಮಗೆ ಮಾತು ಕೊಟ್ಟಿದ್ದೇವೆ. ಅಧ್ಯಕ್ಷೆ ತಟ್ಟೆ ನೋಡುತ್ತ ಊಟ ಮುಗಿಸಿದಳು.

ಮರುದಿನ ಆ ಮಾತು ಮುರಿದೆ. ಎಲ್ಲ ಬಿಡಿಸಿ ಹೇಳಿದೆ. ಚಿಕ್ಕಪ್ಪ ಅರ್ಧಕ್ಕರ್ಧ ನಷ್ಟದಲ್ಲಿ ಮಾರಿದರು. ನನ್ನನ್ನೇನೂ ಅನ್ನಲಿಲ್ಲ, "ಹೋಗ್ಲಿ ಬಿಡು, ನಿನ್ ಕೈಲೇನಿತ್ತು," ಎಂದರು. ಅದನ್ನೇ ನಾನು ತಮ್ಮನ್ನು ಕೇಳಬೇಕಾಗಿದೆ. ನಮ್ಮ ಕೈಯಲ್ಲಿ ಏನಿತ್ತು ಸ್ವಾಮಿ?

ಮುಂದಿನ ವಾರ ಆಡಳಿತ ಮಂಡಳಿಯ ಮುಂದೆ ನಾನು ಮಾತಾಡಬೇಕು. ಭಾಷಣ ಬಂದಿದೆ. 'ನಾವು ದೂರದೃಷ್ಟಿಯಿಂದ ಉಳಿಸಿಕೊಂಡೆವು' ಎಂಬ ಸಾಲು ಹಾಗೆಯೇ ಇದೆ. ಓದಿದರೆ ಸುಳ್ಳು ಹೇಳಿದಂತೆ, ಓದದಿದ್ದರೆ ಶಿಸ್ತಿಲ್ಲದಂತೆ, ಬರದಿದ್ದರೆ ಗೈರುಹಾಜರಿ. ಮೂರಕ್ಕೂ ಕೊನೆ ಒಂದೇ ಬಾಗಿಲು, ಅದರ ಚಿಲಕ ತಮ್ಮ ಕಡೆಗಿದೆ.

ಆದ್ದರಿಂದ ಕೇಳುತ್ತೇನೆ. ಮೇಷ್ಟ್ರನ್ನು ನಿಧಿಗೆ ವಾಪಸು ತೆಗೆದುಕೊಂಡು ಅವನ ಪರೀಕ್ಷೆ ಮುಗಿಸಿಕೊಡಿ. ನೆರವು ತಪ್ಪಿದ ಕಿರಿಯರಿಗೆ, ಅದು ವಿದ್ಯಾರ್ಥಿಗಳ ನಿರ್ಧಾರವಾಗಿರಲಿಲ್ಲವೆಂದು ತಾವೇ ಹೇಳಿ. ನಮ್ಮ ಮತಕ್ಕೆ ಬೆಲೆ ಕೊಡುವುದಾದರೆ ಕೀಲಿಯನ್ನು ಗಾಜಿನ ಕೋಣೆಗೆ ತನ್ನಿ. ಕೊಡುವುದಿಲ್ಲವಾದರೆ ಪುಸ್ತಿಕೆಯ ಆ ದಪ್ಪಕ್ಷರಗಳನ್ನು ಅಳಿಸಿ.

ಈ ಪತ್ರಕ್ಕಾಗಿ ನನ್ನನ್ನೂ ತೆಗೆಯಬಹುದು. ತೆಗೆದ ಮೇಲೆ ಆ ಕುರ್ಚಿಗೆ ಯಾರನ್ನು ಕೂರಿಸುತ್ತೀರಿ ಎಂಬುದು ತಮಗೆ ಬಿಟ್ಟದ್ದು. ಅಂದು ಕೈ ಎತ್ತದವರು ಮಾತ್ರ ನಮ್ಮ ತರಗತಿಯಲ್ಲಿ ಒಬ್ಬರೂ ತಮಗೆ ಸಿಗಲಾರರು.

ಇಂತಿ,
ಹೊಸ ಆದೇಶ ಬರುವವರೆಗೆ ತಮ್ಮ ವಿಧೇಯ,
ಕೇಳದೆ ಕೂರಿಸಲ್ಪಟ್ಟ ಒಬ್ಬ ಅಧ್ಯಕ್ಷೆ