ಕುನಿರನ ಊಟ

ತುಕಿಜೊ,

“ನಿನ್ನ ಗೋಸುಂಬೆ ಸಾಯೋಕೆ ಬಿದ್ದಿದೆ, ವ್ಯಾಪಾರಿಗೆ ಕೊಟ್ಟು ಕಳಿಸಕ್ಕಾ” ಎಂದು ನಿನ್ನೆ ಅರಚಾಡಿದೆಯಲ್ಲ, ಈಗ ಕೇಳು. ನನ್ನ ಗೋಸುಂಬೆ ಕುನಿರ್ ತಿಂದ! ಒಂದಲ್ಲ, ನಾಲ್ಕು ಮಿಡತೆ!

ಅವನಿಗೆ ಯಾವ ರೋಗವೂ ಇರಲಿಲ್ಲ, ಪೆದ್ದ. ನಾನು ಮಗಳ ಮನೆಗೆ ಹೋಗಿದ್ದಾಗ ನೀನು ನಿನ್ನ ಹಾಡುಹಕ್ಕಿಗೆ ಕೊಡುವ ಹಾಗೆ ಮಿಡತೆಯ ಕಾಲು ಕಿತ್ತು, ತಲೆ ಹಿಂಡಿ ಬಟ್ಟಲಿಗೆ ಹಾಕಿದ್ದೀಯ. ಅಲುಗಾಡದ್ದನ್ನು ಗೋಸುಂಬೆ ತಿರುಗಿಯೂ ನೋಡುವುದಿಲ್ಲ. ಇವತ್ತು ಜೀವಂತ ಮಿಡತೆಯನ್ನು ಕೊಂಬೆಯ ಮೇಲೆ ಬಿಟ್ಟೆ, ನಾಲಗೆ ಛಟ್ಟನೆ ಚಿಮ್ಮಿತು.

ನಾನು ವೊನೊಸಾರಿ ಸಂತೆಗೆ ಹೊರಟೆ. ನಾಳೆ ಬೆಳಿಗ್ಗೆ ನೀನೇ ತಿನ್ನಿಸಬೇಕು. ಮೊದಲು ಮಿಡತೆಗಳಿಗೆ ಗೆಣಸಿನ ಸೊಪ್ಪು ಹಾಕು. ಅವುಗಳ ಹೊಟ್ಟೆ ತುಂಬಿದ್ದರೆ ಇವನಿಗೆ ಸತ್ವ. ಕ್ಯಾಲ್ಸಿಯಂ ಪುಡಿಯನ್ನು ಅವುಗಳ ಮೇಲೆ ತೆಳ್ಳಗೆ ಉದುರಿಸು, ಕರಿಯಲು ಹಿಟ್ಟು ಹಚ್ಚುವ ಹಾಗೆ ಮೆತ್ತಬೇಡ. ವಿಟಮಿನ್ ಡಬ್ಬಿ ಮುಟ್ಟಬೇಡ, ಅದು ತಿಂಗಳಿಗೆ ಎರಡೇ ಸಲ. ನೀರನ್ನು ಎಲೆಗಳ ಮೇಲೆ ಚಿಮುಕಿಸು, ಬಟ್ಟಲಲ್ಲಿಟ್ಟರೆ ಕುಡಿಯುವುದಿಲ್ಲ.

ನೀನು ಕರೆಸಿದ್ದ ವ್ಯಾಪಾರಿ ಮಾರ್ಗೊನೊ ಪಂಜರ ಹಿಡಿದು ಬಂದಿದ್ದ. “ಎಲ್ಲಿದೆಯಮ್ಮ ಸಾಯ್ತಿರೋ ಪ್ರಾಣಿ?” ಎಂದ. ಅವನ ಕಣ್ಣೆದುರೇ ಕುನಿರ್ ನಾಲ್ಕನೆಯದನ್ನು ಎಳೆದುಕೊಂಡ. ಮನುಷ್ಯ ಖಾಲಿ ಪಂಜರ ಎತ್ತಿಕೊಂಡು ಹೊರಟ. “ಚಹಾ ಆರ್ತಿದೆ, ಬನ್ನಿ!” ಎಂದು ಬಾಗಿಲಲ್ಲಿ ನಿಂತು ಕೂಗಿದೆ. ತಿರುಗಿ ಬರಲಿಲ್ಲ.